ಕ್ರೀಟ್ ದ್ವೀಪದ ಬೆಣಚುಕಲ್ಲಿನ ಸಿರೆಗಳಲ್ಲಿ ಉಳಿದ ಕಾರ್ಫೋಲೈಟ್: ಒಂದು ಪ್ರಕರಣ ಅಧ್ಯಯನ

ಗ್ರೀಸ್ ದೇಶದ ಕ್ರೀಟ್ ದ್ವೀಪದ ಪಶ್ಚಿಮ ಭಾಗದಲ್ಲಿ, ಲೆಫ್ಕಾ ಓರಿ ಪರ್ವತಸಾಲಿನ ಆಸುಪಾಸಿನಲ್ಲಿ, ಬೂದು ಮತ್ತು ಕಂದು ಬಣ್ಣದ ಫಿಲೈಟ್ ಶಿಲೆಗಳು ಬಹುದೂರ ಹರಡಿಕೊಂಡಿವೆ. ಮೇಲ್ಮೈಯಲ್ಲಿ ರೇಷ್ಮೆಯ ಹೊಳಪಿದ್ದು ತೆಳು ಹಾಳೆಗಳಾಗಿ ಬಿಡಿಸಿಕೊಳ್ಳುವ ಈ ಕಲ್ಲನ್ನು ಮೊದಲ ಬಾರಿಗೆ ನೋಡಿದವರು, ಜೇಡಿಮಣ್ಣಿನ ಕೆಸರು ಹೂತುಹೋಗಿ, ಗಟ್ಟಿಯಾಗಿ, ಅಲ್ಪಸ್ವಲ್ಪ ಕಾವು ಕಂಡು ರೂಪಾಂತರಗೊಂಡ ಸಾಧಾರಣ ಶಿಲೆಯೆಂದೇ ಎಣಿಸುತ್ತಾರೆ. ಅದರ ಮುಖ್ಯ ಖನಿಜಗಳಾದ ಬಿಳಿ ಅಭ್ರಕ, ಅಭ್ರಕವನ್ನೇ ಹೋಲುವ ಹಸಿರು ಖನಿಜವಾದ ಕ್ಲೋರೈಟ್ ಮತ್ತು ಬೆಣಚುಕಲ್ಲು ಆ ಎಣಿಕೆಗೆ ಎದುರಾಡುವುದಿಲ್ಲ. ಎದುರಾಡುವ ಸಾಕ್ಷಿ ಇರುವುದು ಆ ಶಿಲೆಯೊಳಗೆ ಹೆಣೆದುಕೊಂಡಿರುವ ಬೆಣಚುಕಲ್ಲಿನ ಬಿಳಿ ಸಿರೆಗಳಲ್ಲಿ. ಕೆಲವು ಸಿರೆಗಳಲ್ಲಿ, ಹಾಲಿನಂಥ ಬಿಳುಪಿನ ನಡುವೆ, ಒಣಹುಲ್ಲಿನ ಹಳದಿಯಿಂದ ನಸುಹಸಿರಿನವರೆಗಿನ ಬಣ್ಣದ ನಾರುಗಳು ಒಂದೇ ದಿಕ್ಕಿಗೆ ಮಲಗಿರುತ್ತವೆ. ಅದು ಕಬ್ಬಿಣ ಮತ್ತು ಮೆಗ್ನೀಸಿಯಂ ಬೆರೆತ ಕಾರ್ಫೋಲೈಟ್. ಈ ಖನಿಜವಿರುವ ಶಿಲೆ ಒಂದು ಕಾಲದಲ್ಲಿ ಭೂಮಿಯೊಳಗೆ ಹತ್ತಾರು ಕಿಲೋಮೀಟರ್ ಆಳಕ್ಕೆ, ಅದೂ ಆ ಆಳಕ್ಕೆ ತಕ್ಕಷ್ಟು ಬಿಸಿಯಾಗದೆ, ಇಳಿದು ಬಂದಿರಬೇಕು.

ಸುತ್ತಲಿನ ಶಿಲೆಯಲ್ಲಿ ಬಹುಪಾಲು ಅಳಿಸಿಹೋದ ಈ ಖನಿಜ ಸಿರೆಗಳಲ್ಲಿ ಮಾತ್ರ ಹೇಗೆ ಉಳಿಯಿತು, ಅದು ನಿಜವಾಗಿ ಏನನ್ನು ಸಾಬೀತು ಮಾಡುತ್ತದೆ, ಯಾವುದನ್ನು ಅದರಿಂದ ಹೇಳಿಸಲು ಹೋಗಬಾರದು ಎಂಬ ಮೂರು ಪ್ರಶ್ನೆಗಳನ್ನು ಈ ಅಧ್ಯಯನ ಎತ್ತಿಕೊಳ್ಳುತ್ತದೆ.

ಖನಿಜದ ಪರಿಚಯ

ಕಾರ್ಫೋಲೈಟ್ ಎಂಬುದು ಒಂದೇ ಖನಿಜವಲ್ಲ, ಒಂದು ಚಿಕ್ಕ ಕುಟುಂಬ. ಅದರ ಮೊದಲ ಸದಸ್ಯವನ್ನು ಜರ್ಮನಿಯ ಖನಿಜವಿಜ್ಞಾನಿ ಅಬ್ರಹಾಂ ಗಾಟ್ಲೋಬ್ ವೆರ್ನರ್ 1817ರಲ್ಲಿ ಹೆಸರಿಸಿದರು. ಬೊಹೀಮಿಯಾದ ತವರದ ಗಣಿ ಪ್ರದೇಶವೊಂದರಿಂದ ಬಂದ ಆ ಮಾದರಿಯಲ್ಲಿ ಮುಖ್ಯ ಲೋಹ ಮ್ಯಾಂಗನೀಸ್. ಮ್ಯಾಂಗನೀಸಿನ ಜಾಗದಲ್ಲಿ ಕಬ್ಬಿಣವಿರುವ ಫೆರೋಕಾರ್ಫೋಲೈಟನ್ನು ಡಚ್ ಶಿಲಾವಿಜ್ಞಾನಿ ಡೆ ರೂವರ್ 1951ರಲ್ಲಿ ಇಂಡೋನೇಷ್ಯಾದ ಸುಲವೇಸಿ ದ್ವೀಪದಿಂದ ವರ್ಣಿಸಿದರು. ಮೆಗ್ನೀಸಿಯಂ ಪ್ರಧಾನವಾದ ಮೂರನೆಯದು 1970ರ ದಶಕದಲ್ಲಿ ಫ್ರಾನ್ಸಿನ ಆಲ್ಪ್ಸ್‌ನ ವನ್ವಾಸ್ ಪ್ರದೇಶದಿಂದ ಬೆಳಕಿಗೆ ಬಂತು. ಅದರ ಹಿಂದೆ ಬ್ರೂನೋ ಗೋಫೆ ಮತ್ತು ಸಂಗಡಿಗರ ಕೆಲಸವಿದೆ. ಈ ಮೂರು ಖನಿಜಗಳನ್ನು ಒಟ್ಟಿಗೆ ಹೆಸರಿಸುವಾಗ ಒಂದು ಎಚ್ಚರ ಬೇಕು. ಬೊಹೀಮಿಯಾದ ಮ್ಯಾಂಗನೀಸ್ ಕಾರ್ಫೋಲೈಟ್ ಹುಟ್ಟಿದ್ದು ಗ್ರಾನೈಟ್ ಸಂಬಂಧದ ಬಿಸಿ ದ್ರವಗಳಿಂದ, ಹೆಚ್ಚಿನ ಒತ್ತಡದಿಂದಲ್ಲ. ಕಬ್ಬಿಣ ಮತ್ತು ಮೆಗ್ನೀಸಿಯಂ ಜಾತಿಗಳು ಮಾತ್ರ ಒತ್ತಡದ ಸೂಚಕಗಳು. ಕಲ್ಲಿನಲ್ಲಿ ಕಾರ್ಫೋಲೈಟ್ ಕಂಡಿತೆಂದು ಬರೆದು, ಅದು ಯಾವ ಜಾತಿಯದೆಂದು ಬರೆಯದಿದ್ದರೆ ಆ ವರದಿಗೆ ಬೆಲೆ ಕಡಿಮೆ.

ರಾಸಾಯನಿಕವಾಗಿ ಇದರಲ್ಲಿ ಒಂದು ಪಾಲು ಕಬ್ಬಿಣ ಅಥವಾ ಮೆಗ್ನೀಸಿಯಂ, ಎರಡು ಪಾಲು ಅಲ್ಯೂಮಿನಿಯಂ, ಎರಡು ಪಾಲು ಸಿಲಿಕಾನ್ ಇದ್ದು, ಜೊತೆಗೆ ಆರು ಆಮ್ಲಜನಕ ಮತ್ತು ನಾಲ್ಕು ಹೈಡ್ರಾಕ್ಸಿಲ್ ಘಟಕಗಳಿರುತ್ತವೆ. ಈ ಸೂತ್ರದಿಂದ ಲೆಕ್ಕ ಹಾಕಿದರೆ ಖನಿಜದ ತೂಕದಲ್ಲಿ ಶೇಕಡಾ 11ರಿಂದ 12ರಷ್ಟು ನೀರೇ ಆಗುತ್ತದೆ. ಬಿಳಿ ಅಭ್ರಕದಲ್ಲಿ ನೀರಿನ ಪಾಲು ಶೇಕಡಾ ನಾಲ್ಕೂವರೆಯ ಆಸುಪಾಸಿನಲ್ಲಿದೆ ಎಂಬುದನ್ನು ನೆನೆದರೆ, ಕಾರ್ಫೋಲೈಟ್ ಎಷ್ಟು ನೀರು ತುಂಬಿಕೊಂಡ ಖನಿಜವೆಂದು ತಿಳಿಯುತ್ತದೆ. ಅದರ ಹುಟ್ಟು, ಉಳಿವು, ಅಳಿವು ಮೂರೂ ಈ ನೀರಿನ ಸುತ್ತಲೇ ನಡೆಯುತ್ತವೆ.

ನೆಲದ ಹಿನ್ನೆಲೆ

ಆಫ್ರಿಕಾ ಭೂಫಲಕವು ಏಜಿಯನ್ ಪ್ರದೇಶದ ಅಡಿಗೆ ಜಾರುತ್ತಿರುವ ಅಂಚಿನ ಮೇಲೆ ಕ್ರೀಟ್ ನಿಂತಿದೆ. ದ್ವೀಪದ ಒಳರಚನೆಯು ಒಂದರ ಮೇಲೊಂದು ತಳ್ಳಲ್ಪಟ್ಟ ಶಿಲಾಹೊದಿಕೆಗಳ ಅಟ್ಟಿ. ಬುಡದಲ್ಲಿ ಪ್ಲಾಟೆನ್‌ಕಾಲ್ಕ್ ಎನ್ನುವ ಹಲಗೆಹಲಗೆಯಾದ ಸುಣ್ಣಕಲ್ಲು, ಅದರ ಮೇಲೆ ನಮ್ಮ ಪ್ರಕರಣದ ಫಿಲೈಟ್–ಕ್ವಾರ್ಟ್ಜೈಟ್ ಹೊದಿಕೆ, ಅದರ ಮೇಲೆ ಟ್ರಿಪೊಲಿಟ್ಸಾ ಮತ್ತು ಪಿಂಡೋಸ್ ಹೊದಿಕೆಗಳು, ಎಲ್ಲಕ್ಕೂ ಮೇಲೆ ಸಾಗರತಳದ ಶಿಲೆಗಳನ್ನು ಒಳಗೊಂಡ ಚೂರುಗಳು. ಕೆಳಗಿನ ಹೊದಿಕೆಗಳಲ್ಲಿ ಹೆಚ್ಚಿನ ಒತ್ತಡದ ಗುರುತುಗಳಿವೆ. ಮೇಲಿನ ಟ್ರಿಪೊಲಿಟ್ಸಾ ಸುಣ್ಣಕಲ್ಲಿನಲ್ಲಿ ಅವು ಇಲ್ಲ. ಈ ಎರಡರ ನಡುವಿನ ಗೆರೆಯನ್ನು ಭೂವಿಜ್ಞಾನಿಗಳು ಕ್ರೀಟ್ ಬೇರ್ಪಡೆ ಸ್ತರಭಂಗ ಎಂದು ಗುರುತಿಸುತ್ತಾರೆ. ಹೆಜ್ಜೆಯಳತೆಯಲ್ಲಿ ಆ ಗೆರೆಯನ್ನು ದಾಟಬಹುದಾದ ಜಾಗಗಳಲ್ಲೂ, ಎರಡು ಬದಿಯ ಶಿಲೆಗಳು ಕಂಡ ಆಳದ ವ್ಯತ್ಯಾಸ ಹಲವು ಕಿಲೋಮೀಟರ್.

ಫಿಲೈಟ್–ಕ್ವಾರ್ಟ್ಜೈಟ್ ಹೊದಿಕೆಯ ಮೂಲವಸ್ತು ಕಾರ್ಬೊನಿಫೆರಸ್‌ನಿಂದ ಟ್ರಯಾಸಿಕ್ ಕಾಲದವರೆಗಿನ ಮರಳು ಮತ್ತು ಜೇಡಿಯ ಗಸಿ. ಅಲ್ಲಲ್ಲಿ ಸುಣ್ಣಕಲ್ಲು, ಜಿಪ್ಸಂ ಮತ್ತು ಜ್ವಾಲಾಮುಖಿ ಶಿಲೆಗಳೂ ಬೆರೆತಿವೆ. ಬಸಾಲ್ಟ್ ಮೂಲದ ಶಿಲೆಗಳು ಹೆಚ್ಚಿದ್ದರೆ ಅವುಗಳಲ್ಲಿ ಬೆಳೆಯುವ ನೀಲಿ ಆಂಫಿಬೋಲ್ ಮತ್ತು ಲಾಸನೈಟ್‌ಗಳೇ ಒತ್ತಡದ ಕಥೆಯನ್ನು ಹೇಳಿಬಿಡುತ್ತಿದ್ದವು. ಆದರೆ ಇಲ್ಲಿ ಅಂಥ ಶಿಲೆ ವಿರಳ. ನೆಲದ ಬಹುಭಾಗ ಜೇಡಿಮೂಲದ್ದು. ಹಾಗಾಗಿ ಜೇಡಿಮೂಲದ ಶಿಲೆಯಲ್ಲೇ ಒತ್ತಡವನ್ನು ಅಳೆಯಬಲ್ಲ ಖನಿಜ ಬೇಕಿತ್ತು. ಟೈ, ಸೈಡೆಲ್ ಮತ್ತು ವಿದಾಲ್ ಅವರು 1992ರಲ್ಲಿ ಕ್ರೀಟ್ ಹಾಗೂ ಪೆಲೊಪೊನ್ನೀಸ್‌ನ ಕಾರ್ಫೋಲೈಟ್, ಸುಡೊವೈಟ್ (ಕ್ಲೋರೈಟಿನ ಒಂದು ಬಗೆ) ಮತ್ತು ಕಬ್ಬಿಣ, ಅಲ್ಯೂಮಿನಿಯಂ ಹೊತ್ತ ಕ್ಲೋರಿಟಾಯ್ಡ್‌ಗಳ ಬಗ್ಗೆ ಪ್ರಕಟಿಸಿದ ಅಧ್ಯಯನ ಆ ಕೊರತೆಯನ್ನು ನೀಗಿಸಿತು. ಒಂದು ಇಡೀ ಪ್ರದೇಶದ ಒತ್ತಡ ಮತ್ತು ತಾಪದ ಏರಿಳಿತವನ್ನು ಜೇಡಿಮೂಲದ ಶಿಲೆಗಳಿಂದಲೇ ಓದಬಹುದೆಂದು ತೋರಿಸಿದ ಕೆಲಸ ಅದು. ಅದರ ಮಹತ್ವವನ್ನು ಎಷ್ಟು ಹೇಳಿದರೂ ಹೆಚ್ಚಾಗದು.

ಸಿರೆಯೊಂದನ್ನು ಹತ್ತಿರದಿಂದ ನೋಡಿದಾಗ

ಕಾರ್ಫೋಲೈಟ್ ಇರುವ ಸಿರೆ ಸಾಮಾನ್ಯವಾಗಿ ಶಿಲೆಯ ಪದರಿಗೆ ಸಮಾನಾಂತರವಾಗಿ, ಮಡಿಕೆಗಳೊಂದಿಗೆ ತಾನೂ ಮಡಿದು, ಕೆಲವೆಡೆ ಎಳೆದು ತುಂಡಾಗಿ ಮಸೂರದ ಆಕಾರದಲ್ಲಿರುತ್ತದೆ. ಪದರುಗಳನ್ನು ಅಡ್ಡಲಾಗಿ ಕತ್ತರಿಸಿಕೊಂಡು ಹೋಗುವ, ಅಂಚು ಚೂಪಾದ, ಮಡಿಯದ ಸಿರೆಗಳು ಶಿಲೆ ಮೇಲೇರುವಾಗ ತಡವಾಗಿ ಬಿರುಕುಬಿಟ್ಟು ತುಂಬಿಕೊಂಡಂಥವು. ಅವುಗಳಲ್ಲಿ ಕಾರ್ಫೋಲೈಟನ್ನು ನಿರೀಕ್ಷಿಸಬಾರದು. ಬಿಳಿ ಸಿರೆಗಳೆಲ್ಲ ಒಂದೇ ಎಂದು ಗುಡ್ಡೆ ಹಾಕುವ ಮಾದರಿ ಸಂಗ್ರಹಣೆಯಲ್ಲಿ ಈ ಎರಡು ತಲೆಮಾರುಗಳು ಬೆರೆತುಹೋಗುತ್ತವೆ.

ಹಳೆಯ ತಲೆಮಾರಿನ ಸಿರೆಯನ್ನು ಸುತ್ತಿಗೆಯಿಂದ ಒಡೆದು, ಮುರಿದ ಮುಖವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ನಾರುಗಳ ಕಟ್ಟು ಹೊಳೆಯುತ್ತದೆ. ನಾರಿನ ಉದ್ದ ಕೆಲವು ಮಿಲಿಮೀಟರುಗಳಿಂದ ಕೆಲವು ಸೆಂಟಿಮೀಟರುಗಳವರೆಗೆ. ತಾಜಾ ಕಾರ್ಫೋಲೈಟ್ ಚಾಕುವಿನ ಮೊನೆಗೆ ಸುಲಭವಾಗಿ ಬಗ್ಗುವುದಿಲ್ಲ. ಅದರ ಗಡಸುತನ ಮೋಸ್ ಮಾನದಲ್ಲಿ 5ರಿಂದ 5.5. ಆದರೆ ಮುರಿದ ಮುಖದಲ್ಲಿ ಕಾಣುವ ನಾರುಗಳಲ್ಲಿ ಬಹಳಷ್ಟು ತಾಜಾ ಆಗಿರುವುದಿಲ್ಲ. ಆಕಾರ ಮಾತ್ರ ಕಾರ್ಫೋಲೈಟಿನದು, ಒಳಗಿನ ವಸ್ತು ಬೆಳ್ಳಿಯಂತೆ ಮಿನುಗುವ ಬಿಳಿ ಅಭ್ರಕ ಮತ್ತು ಹಸಿರು ಕ್ಲೋರೈಟ್. ಉಗುರು ತಗುಲಿಸಿದರೆ ಅದು ಹುಡಿಯಾಗಿ ಏಳುತ್ತದೆ. ಇಂಥ ಹುಸಿರೂಪವೂ ಬೆಲೆಯುಳ್ಳ ಸಾಕ್ಷಿಯೇ, ಆದರೆ ಆಕಾರವನ್ನಷ್ಟೇ ನಂಬಿ ಒತ್ತಡದ ಅಂಕಿ ಬರೆಯುವಂತಿಲ್ಲ.

ಬೆಳಕು ಹಾಯುವಷ್ಟು ತೆಳುವಾಗಿ ಕೊಯ್ದ ಕಲ್ಲಿನ ಬಿಲ್ಲೆಯನ್ನು, ಅಂದರೆ ತೆಳುಛೇದವನ್ನು, ಸೂಕ್ಷ್ಮದರ್ಶಕದಡಿ ಇಟ್ಟಾಗ ಚಿತ್ರ ಸ್ಪಷ್ಟವಾಗುತ್ತದೆ. ನಾರುಕಟ್ಟಿನ ಹೊರ ಅಂಚು ಅಭ್ರಕ ಮತ್ತು ಕ್ಲೋರೈಟ್ ಆಗಿ ಬದಲಾಗಿರುತ್ತದೆ. ಅಲ್ಲಿಂದ ಒಂದೆರಡು ಮಿಲಿಮೀಟರ್ ಒಳಗೆ, ಬೆಣಚುಕಲ್ಲಿನ ಒಂದೇ ಕಣದೊಳಗೆ ಪೂರ್ತಿ ಹುದುಗಿರುವ, ಕೂದಲಿಗಿಂತ ತೆಳುವಾದ ಸೂಜಿಗಳು ಹುಟ್ಟಿದಾಗ ಹೇಗಿದ್ದವೋ ಹಾಗೆಯೇ ಉಳಿದಿರುತ್ತವೆ. ಕಣದ ಅಂಚನ್ನು ದಾಟಿ ಹೊರಗೆ ಚಾಚಿದ ಸೂಜಿಯು ಒಳಗಿನ ಭಾಗದಲ್ಲಿ ತಾಜಾ ಇದ್ದು, ಹೊರಗೆ ಚಾಚಿದ ಭಾಗದಲ್ಲಿ ಮಾತ್ರ ಬದಲಾಗಿರುವುದೂ ಉಂಟು. ಈ ಪ್ರಕರಣದ ತಿರುಳು ಇರುವುದು ಆ ಒಂದು ಸೂಜಿಯಲ್ಲೇ ಎಂಬುದು ನನ್ನ ಅಭಿಪ್ರಾಯ.

ಗುರುತು ಹಿಡಿಯುವುದರಲ್ಲಿ ತಪ್ಪಾಗುವ ಸಾಧ್ಯತೆ ಸಾಕಷ್ಟಿದೆ. ಆಂಫಿಬೋಲ್ ಗುಂಪಿನ ಟ್ರೆಮೊಲೈಟ್ ಮತ್ತು ಆಕ್ಟಿನೊಲೈಟ್, ಅಲ್ಯೂಮಿನಿಯಂ ಹೊತ್ತ ಮೆದು ಖನಿಜವಾದ ಪೈರೋಫಿಲೈಟ್, ನಾರುನಾರಾದ ಅಭ್ರಕ ಎಲ್ಲವೂ ಬರಿಗಣ್ಣಿಗೆ ಇದರಂತೆಯೇ ಕಾಣಬಲ್ಲವು. ಆಂಫಿಬೋಲ್ ಆದರೆ ಅಡ್ಡಕೊಯ್ತದಲ್ಲಿ ಎರಡು ಸೀಳುಗಳು ಸುಮಾರು 124 ಡಿಗ್ರಿಯಲ್ಲಿ ಕೂಡುತ್ತವೆ. ಪೈರೋಫಿಲೈಟ್ ಉಗುರಿಗೇ ಗೀರುಬಿಡುವಷ್ಟು ಮೆದು. ಸಂಶಯ ಉಳಿದಲ್ಲಿ ರಾಮನ್ ರೋಹಿತ ತೆಗೆಯುವುದೇ ಸರಿಯಾದ ದಾರಿ. ಬೆಣಚುಕಲ್ಲಿನೊಳಗೆ ಹುದುಗಿದ ಸೂಜಿಯನ್ನು ಹೊರತೆಗೆಯದೆ, ಲೇಸರ್ ಕಿರಣವನ್ನು ಅದರ ಮೇಲೆ ಕೇಂದ್ರೀಕರಿಸಿ, ಹೈಡ್ರಾಕ್ಸಿಲ್ ಘಟಕಗಳ ಕಂಪನದಿಂದ ಅದರ ಗುರುತು ಹಿಡಿಯಬಹುದು. ಕೊನೆಯದಾಗಿ ಎಲೆಕ್ಟ್ರಾನ್ ಮೈಕ್ರೊಪ್ರೋಬ್ ವಿಶ್ಲೇಷಣೆಯಲ್ಲಿ ಅಲ್ಯೂಮಿನಿಯಂ ಮತ್ತು ಸಿಲಿಕಾನ್ ಎರಡೆರಡು ಪಾಲು, ಕಬ್ಬಿಣ, ಮೆಗ್ನೀಸಿಯಂ, ಮ್ಯಾಂಗನೀಸ್ ಕೂಡಿ ಒಂದು ಪಾಲು ಬಂದರೆ ಗುರುತು ಖಚಿತವಾಗುತ್ತದೆ, ಜಾತಿಯೂ ತಿಳಿಯುತ್ತದೆ.

ಹುಟ್ಟು ಮತ್ತು ಉಳಿವಿನ ಕಾರಣ

ಜೇಡಿಮೂಲದ ಶಿಲೆ ಆಳಕ್ಕಿಳಿಯುವಾಗ ಅದರಲ್ಲಿ ಕ್ಲೋರೈಟ್ ಮತ್ತು ಪೈರೋಫಿಲೈಟ್ ಇರುತ್ತವೆ. ಒತ್ತಡ ಏರುತ್ತ, ತಾಪ ಮಾತ್ರ ಮಂದಗತಿಯಲ್ಲಿ ಏರಿದರೆ, ಈ ಎರಡು ಖನಿಜಗಳು ನೀರಿನೊಂದಿಗೆ ಸೇರಿ ಕಾರ್ಫೋಲೈಟ್ ಆಗುತ್ತವೆ. ಮೆಗ್ನೀಸಿಯಂ ಜಾತಿಯ ಆದರ್ಶ ಸಮೀಕರಣವನ್ನು ತೂಗಿ ನೋಡಿದರೆ, ಕ್ಲೋರೈಟಿನ ಒಂದು ಅಣುಘಟಕ, ಪೈರೋಫಿಲೈಟಿನ ನಾಲ್ಕು ಮತ್ತು ನೀರಿನ ಎರಡು ಸೇರಿ ಕಾರ್ಫೋಲೈಟಿನ ಐದು ಘಟಕಗಳೂ ಬೆಣಚುಕಲ್ಲಿನ ಒಂಬತ್ತು ಘಟಕಗಳೂ ಬರುತ್ತವೆ. ಅಂದರೆ ಕಾರ್ಫೋಲೈಟ್ ಹುಟ್ಟುವ ಕ್ರಿಯೆಯೇ ಬೆಣಚುಕಲ್ಲನ್ನೂ ಹೆರುತ್ತದೆ. ಸಿರೆಯಲ್ಲಿ ಈ ಎರಡು ಜೊತೆಯಾಗಿ ಸಿಗುವುದು ಆಕಸ್ಮಿಕವಲ್ಲ. ಶಿಲೆಯ ಬಿರುಕು ತೆರೆದುಕೊಂಡಂತೆ ದ್ರವದಲ್ಲಿ ಕರಗಿ ಬಂದ ವಸ್ತು ಅಲ್ಲಿ ಜಮೆಯಾಗಿ, ಬಿರುಕು ತೆರೆಯುವ ದಿಕ್ಕಿಗೆ ನಾರುಗಳು ಬೆಳೆದು, ಬೆಣಚುಕಲ್ಲು ಅವುಗಳನ್ನು ಸುತ್ತುವರಿಯುತ್ತದೆ.

ಅಳಿಯುವುದಕ್ಕೆ ಎರಡು ದಾರಿಗಳಿವೆ. ಶಿಲೆ ಇನ್ನೂ ಬಿಸಿಯಾದರೆ ಕಬ್ಬಿಣದ ಕಾರ್ಫೋಲೈಟ್ ಒಡೆದು ಕ್ಲೋರಿಟಾಯ್ಡ್, ಬೆಣಚುಕಲ್ಲು ಮತ್ತು ನೀರು ಆಗುತ್ತದೆ. ಈ ಒಡೆತದಲ್ಲಿ ಖನಿಜದ ತೂಕದ ಶೇಕಡಾ ಐದೂವರೆಯಷ್ಟು ನೀರು ಹೊರಬೀಳುತ್ತದೆ. ಬದಲಿಗೆ ಶಿಲೆ ಮೇಲೇರುತ್ತ ಒತ್ತಡ ಇಳಿದರೆ, ಪೊಟ್ಯಾಸಿಯಂ ಇರುವ ದ್ರವ ಬಂದು ತಾಗಿ, ಕಾರ್ಫೋಲೈಟ್ ಬಿಳಿ ಅಭ್ರಕ ಮತ್ತು ಕ್ಲೋರೈಟ್ ಆಗಿ ಮಾರ್ಪಡುತ್ತದೆ. ಕ್ರೀಟಿನ ಹುಸಿರೂಪಗಳು ಈ ಎರಡನೆಯ ದಾರಿಯವು.

ಇಲ್ಲಿ ಬೆಣಚುಕಲ್ಲಿನ ಪಾತ್ರ ನಿರ್ಣಾಯಕ. ಸುತ್ತಲಿನ ಫಿಲೈಟಿನಲ್ಲಿ ಅಭ್ರಕವೂ ಪೊಟ್ಯಾಸಿಯಂ ಹೊತ್ತ ದ್ರವವೂ ಕೈಗೆಟುಕುವ ದೂರದಲ್ಲೇ ಇವೆ. ಕಣಗಳ ನಡುವಿನ ಸಂದುಗಳು ದ್ರವಕ್ಕೆ ದಾರಿ ಬಿಡುತ್ತವೆ. ಅಲ್ಲಿ ಬೆಳೆದ ಕಾರ್ಫೋಲೈಟ್ ಉಳಿಯುವ ಸಂಭವ ಕಡಿಮೆ. ಬೆಣಚುಕಲ್ಲಿನ ಕಣ ಹಾಗಲ್ಲ. ಅದರಲ್ಲಿ ಸಿಲಿಕಾನ್ ಮತ್ತು ಆಮ್ಲಜನಕದ ಹೊರತು ಬೇರೇನೂ ಹೆಚ್ಚು ಇಲ್ಲ. ಪೊಟ್ಯಾಸಿಯಂ ಅದರ ಹರಳಿನೊಳಗೆ ನುಸುಳಿ ಬರಲಾರದು. ಹುದುಗಿದ ಸೂಜಿಗೆ ಪ್ರತಿಕ್ರಿಯಿಸಲು ಜೊತೆಗಾರನೇ ಇಲ್ಲವಾಗಿ, ಅದು ಜೇನುಮೇಣದಲ್ಲಿ ಸಿಕ್ಕ ಎಸಳಿನಂತೆ ಉಳಿದುಬಿಡುತ್ತದೆ. ಆದರೆ ಬೆಣಚುಕಲ್ಲಿನ ರಕ್ಷಣೆ ತಾಪದ ವಿರುದ್ಧ ನಡೆಯುವುದಿಲ್ಲ. ಕ್ಲೋರಿಟಾಯ್ಡ್ ಆಗುವ ಒಡೆತಕ್ಕೆ ಹೊರಗಿನಿಂದ ಏನೂ ಬರಬೇಕಿಲ್ಲವಾದ್ದರಿಂದ, ಶಿಲೆ ಮೇಲೇರುವಾಗ ಬಿಸಿಯಾಗಿದ್ದರೆ ಹುದುಗಿದ ಸೂಜಿಯೂ ಉಳಿಯುತ್ತಿರಲಿಲ್ಲ. ಆದ್ದರಿಂದ ತಾಜಾ ಸೂಜಿ ಎರಡು ಮಾತು ಹೇಳುತ್ತದೆ: ಶಿಲೆ ಆಳಕ್ಕಿಳಿದಿತ್ತು, ಮತ್ತು ಅಲ್ಲಿಂದ ಬರುವಾಗ ಮತ್ತೆ ಕಾಯಲಿಲ್ಲ. ಎರಡನೆಯದನ್ನು ಓದುಗರು ಹಲವು ಸಲ ಗಮನಿಸದೆ ಹೋಗುತ್ತಾರೆ. ನನಗೆ ಅದೇ ಹೆಚ್ಚಿನದೆನಿಸುತ್ತದೆ.

ಅಂಕಿಗಳು

ಪಶ್ಚಿಮ ಕ್ರೀಟಿನ ಫಿಲೈಟ್–ಕ್ವಾರ್ಟ್ಜೈಟ್ ಹೊದಿಕೆಗೆ ಸುಮಾರು 10 ಕಿಲೋಬಾರ್ ಒತ್ತಡ ಮತ್ತು 400 ಡಿಗ್ರಿ ಸೆಲ್ಸಿಯಸ್, ಪೂರ್ವ ಕ್ರೀಟಿಗೆ ಸುಮಾರು 8 ಕಿಲೋಬಾರ್ ಮತ್ತು 300 ಡಿಗ್ರಿ ಎಂಬುದು ಒಪ್ಪಿತ ಅಂದಾಜು. ಶಿಲೆಯ ಸರಾಸರಿ ಸಾಂದ್ರತೆಯಿಂದ ಲೆಕ್ಕ ಹಾಕಿದರೆ 10 ಕಿಲೋಬಾರ್ ಎಂದರೆ ಸುಮಾರು 35 ಕಿಲೋಮೀಟರ್ ಆಳ. ಅಷ್ಟು ಆಳದಲ್ಲಿ 400 ಡಿಗ್ರಿ ಎಂದರೆ ಕಿಲೋಮೀಟರಿಗೆ 11 ಅಥವಾ 12 ಡಿಗ್ರಿಯ ಏರಿಕೆಯಷ್ಟೇ. ಸ್ಥಿರವಾದ ಭೂಖಂಡದ ಮೇಲ್ಪದರದಲ್ಲಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಸಾಮಾನ್ಯ. ತಣ್ಣನೆಯ ಫಲಕವೊಂದು ಇಳಿಯುತ್ತಿರುವ ಜಾಗದಲ್ಲಿ ಬಿಟ್ಟರೆ ಬೇರೆಲ್ಲೂ ಇಂಥ ಚಳಿಯಾದ ಆಳ ಸಿಗುವುದಿಲ್ಲ.

ಕಾಲದ ಲೆಕ್ಕವೂ ಅಷ್ಟೇ ಕುತೂಹಲದ್ದು. ಸೈಡೆಲ್ ಮತ್ತು ಸಂಗಡಿಗರು 1982ರಲ್ಲಿ ಅಭ್ರಕಗಳ ವಿಕಿರಣ ಕಾಲಮಾಪನದಿಂದ ಈ ರೂಪಾಂತರವು ಆಲಿಗೋಸೀನ್ ಅಂತ್ಯದಿಂದ ಮಯೋಸೀನ್ ಆರಂಭದ ಹೊತ್ತಿನದೆಂದು, ಅಂದರೆ ಸುಮಾರು 2.4ರಿಂದ 2 ಕೋಟಿ ವರ್ಷಗಳ ಹಿಂದಿನದೆಂದು ತೋರಿಸಿದರು. ಜಿರ್ಕಾನ್ ಹರಳುಗಳ ವಿದಳನ ಜಾಡುಗಳನ್ನು (ಯುರೇನಿಯಂ ಪರಮಾಣು ಒಡೆದಾಗ ಹರಳಿನಲ್ಲಿ ಬೀಳುವ, ಕಾವಿಗೆ ಅಳಿಸಿಹೋಗುವ ಗೀರುಗಳನ್ನು) ಆಧರಿಸಿದ ನಂತರದ ಕೆಲಸದ ಪ್ರಕಾರ, ಸುಮಾರು 1.9 ಕೋಟಿ ವರ್ಷಗಳ ಹಿಂದೆಯೇ ಶಿಲೆ 10 ಕಿಲೋಮೀಟರಿಗಿಂತ ಮೇಲಕ್ಕೆ ಬಂದಾಗಿತ್ತು. 25 ಕಿಲೋಮೀಟರಿನಷ್ಟು ಏರಿಕೆ 50 ಲಕ್ಷ ವರ್ಷಗಳಲ್ಲಿ ಎಂದು ಹಿಡಿದರೂ ವರ್ಷಕ್ಕೆ ಸರಾಸರಿ 5 ಮಿಲಿಮೀಟರ್ ಆಗುತ್ತದೆ. ಶಿಲೆ ಮತ್ತೆ ಕಾಯದಿರಲು ಈ ವೇಗವೂ ಅಡಿಯಲ್ಲಿ ಇಳಿಯುತ್ತಲೇ ಇದ್ದ ತಣ್ಣನೆಯ ಫಲಕವೂ ಕೂಡಿ ಕಾರಣವಾಗಿರಬೇಕು.

ಎದುರುಪ್ರಶ್ನೆಗಳು

ಒಂದೇ ಖನಿಜದ ಮೇಲೆ ಇಷ್ಟು ಭಾರ ಹೇರುವುದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಸಿಗುವುದು ಬೇರೆ ಬೇರೆ ದಾರಿಯ ಸಾಕ್ಷಿಗಳಿಂದ. ಪಶ್ಚಿಮ ಕ್ರೀಟಿನ ಅಮೃತಶಿಲೆಗಳಲ್ಲಿ ಅರಗೊನೈಟ್ ಉಳಿದಿರುವುದನ್ನು ಟೈ ಮತ್ತು ಸೈಡೆಲ್ 1993ರಲ್ಲಿ ವಿವರವಾಗಿ ವರದಿ ಮಾಡಿದರು. ಅರಗೊನೈಟ್ ಹೆಚ್ಚಿನ ಒತ್ತಡದಲ್ಲಿ ಸ್ಥಿರವಾದ ಕ್ಯಾಲ್ಸಿಯಂ ಕಾರ್ಬೊನೇಟ್. ಮೇಲೇರುವಾಗ ಶಿಲೆ ಬಿಸಿಯಾಗಿಯೇ ಇದ್ದಿದ್ದರೆ ಅದು ಬಹುಬೇಗ ಕ್ಯಾಲ್ಸೈಟ್ ಆಗಿಬಿಡುತ್ತಿತ್ತು. ರಾಸಾಯನಿಕವಾಗಿ ಕಾರ್ಫೋಲೈಟಿಗೂ ಅರಗೊನೈಟಿಗೂ ಸಂಬಂಧವೇ ಇಲ್ಲ. ಆದರೂ ಎರಡೂ ಆಳವನ್ನೂ ತಣ್ಣನೆಯ ಮರುಪಯಣವನ್ನೂ ಒಂದೇ ರೀತಿ ಹೇಳುತ್ತವೆ. ತಾಪದ ವಿಷಯದಲ್ಲಿ ಬ್ರಿಕ್ಸ್ ಮತ್ತು ಸಂಗಡಿಗರ 2002ರ ಅಧ್ಯಯನ ನೆರವಿಗೆ ಬರುತ್ತದೆ. ಮಧ್ಯ ಹಾಗೂ ಪೂರ್ವ ಕ್ರೀಟಿನ ಜಿರ್ಕಾನ್‌ಗಳಲ್ಲಿ ಹಳೆಯ ವಿದಳನ ಜಾಡುಗಳು ಅರ್ಧಂಬರ್ಧ ಮಾತ್ರ ಅಳಿಸಿರುವುದನ್ನು ಅವರು ತೋರಿಸಿದರು. ಪೂರ್ವಕ್ಕೆ ಹೋದಂತೆ ತಾಪ ಕಡಿಮೆಯೆಂದು ಕಾರ್ಫೋಲೈಟ್ ಹೇಳಿದ್ದನ್ನು ಜಿರ್ಕಾನ್ ತನ್ನ ಲೆಕ್ಕದಲ್ಲಿ ಒಪ್ಪಿಕೊಂಡಂತಾಯಿತು.

ಎರಡನೆಯ ಪ್ರಶ್ನೆ ಇನ್ನೂ ಗಂಭೀರ. ಫಲಕಗಳ ತಳ್ಳಾಟದಿಂದಲೇ ಒತ್ತಡ ಹೆಚ್ಚಿ, ಶಿಲೆ ಅಷ್ಟು ಆಳಕ್ಕೆ ಹೋಗದೆಯೂ ಕಾರ್ಫೋಲೈಟ್ ಬೆಳೆದಿರಬಹುದಲ್ಲವೇ? ಕಾರ್ಫೋಲೈಟ್ ಅಳೆಯುವುದು ಒತ್ತಡವನ್ನು, ಆಳವನ್ನಲ್ಲ. ಆಳವೆಂಬುದು ಮೇಲಿನ ಶಿಲೆಯ ಭಾರದಿಂದಲೇ ಒತ್ತಡ ಬಂತೆಂದು ನಾವು ಸೇರಿಸುವ ಊಹೆ. ಈ ಪ್ರಕರಣದಲ್ಲಿ ಆ ಊಹೆ ಗಟ್ಟಿಯಾಗಿ ನಿಲ್ಲುತ್ತದೆ ಎನ್ನಲು ಎರಡು ಕಾರಣಗಳಿವೆ. ಒತ್ತಡದ ಗುರುತುಗಳು ಒಂದೆರಡು ಕಿರಿದಾದ ಪಟ್ಟಿಗಳಲ್ಲಿ ಅಲ್ಲ, ದ್ವೀಪದ ಉದ್ದಕ್ಕೂ, ಗಡಸು ಕ್ವಾರ್ಟ್ಜೈಟಿನ ಜೊತೆಗೂ ಮೆದು ಫಿಲೈಟಿನ ಜೊತೆಗೂ ಹರಡಿವೆ. ಜೊತೆಗೆ ಸಿರೆಗಳಿರುವುದೇ ಶಿಲೆಯೊಳಗಿನ ದ್ರವದ ಒತ್ತಡ ಹೆಚ್ಚಿ ಅದು ಬಿರುಕುಬಿಡುತ್ತಿತ್ತೆಂಬುದಕ್ಕೆ ಗುರುತು. ಹಾಗೆ ಮತ್ತೆಮತ್ತೆ ಬಿರಿಯುವ ದುರ್ಬಲ ಶಿಲೆ ಹಲವು ಕಿಲೋಬಾರ್‌ಗಳ ಹೆಚ್ಚುವರಿ ಒತ್ತಡವನ್ನು ಹಿಡಿದಿಟ್ಟುಕೊಳ್ಳುವುದು ಕಷ್ಟ.

ಇನ್ನು ಕಾರ್ಫೋಲೈಟ್ ಇಲ್ಲದಿರುವುದರಿಂದ ಏನನ್ನೂ ತೀರ್ಮಾನಿಸಬಾರದು. ಅದು ಬೆಳೆಯಲು ಅಲ್ಯೂಮಿನಿಯಂ ಧಾರಾಳವಾಗಿಯೂ, ಕ್ಯಾಲ್ಸಿಯಂ ಮತ್ತು ಸೋಡಿಯಂ ಕಡಿಮೆಯಾಗಿಯೂ ಇರುವ ಶಿಲೆ ಬೇಕು. ಪಕ್ಕದ ಪದರ ಅದೇ ಒತ್ತಡವನ್ನು ಕಂಡಿದ್ದರೂ, ಮೂಲವಸ್ತು ಹೊಂದದಿದ್ದರೆ ಅದರಲ್ಲಿ ಒಂದು ಸೂಜಿಯೂ ಸಿಗದು. ಸಂಯೋಜನೆಯೂ ಮಾತಾಡುತ್ತದೆ: ಮೆಗ್ನೀಸಿಯಂ ಪಾಲು ಹೆಚ್ಚಿದಂತೆ ಕಾರ್ಫೋಲೈಟಿನ ಸ್ಥಿರತೆಯ ವಲಯ ಹೆಚ್ಚಿನ ಒತ್ತಡ ಮತ್ತು ತಾಪದ ಕಡೆಗೆ ಸರಿಯುತ್ತದೆ. ಆದ್ದರಿಂದ ಸೂಜಿಯ ಹೆಸರಿಗಿಂತ ಅದರೊಳಗಿನ ಕಬ್ಬಿಣ ಮತ್ತು ಮೆಗ್ನೀಸಿಯಂ ಅನುಪಾತ, ಹಾಗೂ ಅದರ ಜೊತೆ ಸಮತೋಲದಲ್ಲಿದ್ದ ಕ್ಲೋರೈಟ್ ಅಥವಾ ಕ್ಲೋರಿಟಾಯ್ಡಿನ ಅನುಪಾತ, ಎರಡನ್ನೂ ಅಳೆದ ಮೇಲೆಯೇ ಅಂಕಿ ಬರೆಯಬೇಕು.

ಈ ಪ್ರಕರಣದಲ್ಲಿ ಕಾರ್ಫೋಲೈಟ್ ತೀರ್ಮಾನಿಸಲಾರದ ವಿಷಯವೊಂದಿದೆ: ಶಿಲೆ ಮೇಲಕ್ಕೆ ಬಂದ ಬಗೆ. ಮೇಲಿನ ಹೊದಿಕೆ ಬೇರ್ಪಡೆ ಸ್ತರಭಂಗದ ಗುಂಟ ಪಕ್ಕಕ್ಕೆ ಜಾರಿ ಕೆಳಗಿನದು ಮೇಲೆದ್ದಿತೆಂದು ಕೆಲವರು ವಾದಿಸುತ್ತಾರೆ. ಸುತ್ತಲಿನದಕ್ಕಿಂತ ಹಗುರವಾದ ಶಿಲಾರಾಶಿ ತನ್ನ ತೇಲುವಿಕೆಯಿಂದ ಫಲಕದ ಗುಂಟ ಮೇಲಕ್ಕೆ ನುಗ್ಗಿತೆಂದು ಇನ್ನು ಕೆಲವರು. ಎರಡೂ ದಾರಿಗಳು ವೇಗವಾದ, ತಣ್ಣನೆಯ ಏರಿಕೆಯನ್ನೇ ಕೊಡುತ್ತವೆ. ಸೂಜಿಯಲ್ಲಿ ದಾಖಲಾಗಿರುವುದು ಪಯಣದ ಒತ್ತಡ ಮತ್ತು ತಾಪ, ಪಯಣದ ವಾಹನವಲ್ಲ. ಅದನ್ನು ಸ್ತರಭಂಗದ ಶಿಲೆಗಳಲ್ಲಿ ಉಳಿದ ಜಾರುವಿಕೆಯ ದಿಕ್ಕಿನ ಗುರುತುಗಳಿಂದ, ಹೊದಿಕೆಗಳ ಅಂಚುಗಳ ವಯಸ್ಸಿನಿಂದ, ಮೇಲೆ ಕೂತ ಮಯೋಸೀನ್ ಗಸಿಯಲ್ಲಿ ಕೆಳಗಿನ ಶಿಲೆಯ ಚೂರುಗಳು ಯಾವಾಗ ಕಾಣಿಸಿಕೊಂಡವೆಂಬುದರಿಂದ ತೀರ್ಮಾನಿಸಬೇಕು.

ಮಾದರಿ ಸಂಗ್ರಹಣೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಫಿಲೈಟ್ ಅಧ್ಯಯನಕ್ಕೆ ಹೋದವರು ಬಿಳಿ ಸಿರೆಗಳನ್ನು ಬದಿಗೊತ್ತಿ, ಶುದ್ಧ ಫಿಲೈಟಿನ ತುಂಡನ್ನಷ್ಟೇ ಚೀಲಕ್ಕೆ ಹಾಕಿಕೊಂಡರೆ ಸಾಕ್ಷಿಯ ಮುಖ್ಯಭಾಗ ಬೆಟ್ಟದಲ್ಲೇ ಉಳಿಯುತ್ತದೆ. ಸಿರೆಯನ್ನು ಅದರ ಎರಡೂ ಬದಿಯ ಗೋಡೆಶಿಲೆಯ ಸಮೇತ, ದಿಕ್ಕು ಮತ್ತು ಇಳಿಜಾರನ್ನು ಕಲ್ಲಿನ ಮೇಲೆಯೇ ಗುರುತು ಹಾಕಿ ತೆಗೆಯಬೇಕು. ನಾರುಗಳ ದಿಕ್ಕನ್ನು ದಿಕ್ಸೂಚಿಯಿಂದ ಅಲ್ಲಿಯೇ ಅಳೆದು ಬರೆದುಕೊಳ್ಳಬೇಕು, ಏಕೆಂದರೆ ಶಿಲೆ ಯಾವ ದಿಕ್ಕಿಗೆ ಎಳೆಯಲ್ಪಡುತ್ತಿತ್ತೆಂಬ ಮಾಹಿತಿ ಕಲ್ಲು ಸ್ಥಳ ಬಿಟ್ಟು ಬಂದ ಮೇಲೆ ಸಿಗುವುದಿಲ್ಲ. ತೆಳುಛೇದವನ್ನು ನಾರಿಗೆ ಸಮಾನಾಂತರವಾಗಿ ಒಂದು, ಅಡ್ಡಲಾಗಿ ಒಂದು ಕತ್ತರಿಸಿದರೆ ಗುರುತು ಹಿಡಿಯುವುದಕ್ಕೂ ಹುದುಗಿದ ಸೂಜಿಗಳನ್ನು ಹುಡುಕುವುದಕ್ಕೂ ಅನುಕೂಲ. ವನ್ವಾಸ್, ಕಾರ್ಸಿಕಾ, ದಕ್ಷಿಣ ಸ್ಪೇನಿನ ಬೆಟಿಕ್ ಪರ್ವತಗಳು, ಒಮಾನ್, ಟರ್ಕಿಯ ಪಶ್ಚಿಮ ಭಾಗ, ಸ್ವಾಲ್ಬಾರ್ಡ್ ಹೀಗೆ ಕಾರ್ಫೋಲೈಟ್ ಸಿಕ್ಕ ಬೇರೆ ಪ್ರದೇಶಗಳಿಗೂ ಇದೇ ಕ್ರಮ ಹೊಂದುತ್ತದೆ. ಕ್ರೀಟಿನಲ್ಲಿ ಸಿರೆಯ ಕಾರ್ಫೋಲೈಟನ್ನು ಗೋಡೆಶಿಲೆಯ ಅಭ್ರಕದ ಜೊತೆ ಜೋಡಿಸಿ ಓದಿದಲ್ಲೆಲ್ಲ ಫಲ ದೊರೆತಿದೆ: ಅಭ್ರಕದಲ್ಲಿನ ಸಿಲಿಕಾನ್ ಪ್ರಮಾಣ ಒತ್ತಡದೊಂದಿಗೆ ಏರುವುದರಿಂದ, ಸೂಜಿ ಕೊಟ್ಟ ಅಂಕಿಯನ್ನು ಅದೇ ಕಲ್ಲಿನ ಇನ್ನೊಂದು ಖನಿಜದಿಂದ ಒರೆಗೆ ಹಚ್ಚಲು ಸಾಧ್ಯವಾಗುತ್ತದೆ.